ಗೊರಕೆ ನಿಂತ ಮನೆ

ಎಚ್ಚರವಾದಾಗ ಯಂತ್ರ ಮತ್ತೆ ನಿಂತಿತ್ತು. ಉಸಿರುಗಟ್ಟಿ ನಿದ್ದೆಗಣ್ಣಲ್ಲೇ ಕಿತ್ತೆಸೆದ ಮಾಸ್ಕು ದಿಂಬಿನ ಪಕ್ಕ ಬಿದ್ದಿತ್ತು. ಬಸ್ ಚಾಲಕ ಗೋಡೆಯ ಕಡೆ ನೋಡಿದ. ಕರೆಂಟಿತ್ತು. ಸ್ವಿಚ್ಚನ್ನು ಯಾರೋ ಆಫ್ ಮಾಡಿದ್ದರು.

ಮಲಗಿದರೆ ಸಾಕು, ಗಂಟಲು ಮುಚ್ಚಿಕೊಂಡು ಅವನ ಉಸಿರು ನಿಂತು ನಿಂತು ಹೊರಡುತ್ತಿತ್ತು. ಎಷ್ಟು ಮಲಗಿದರೂ ನಿದ್ದೆ ಸಾಲದು. ಒಮ್ಮೆ ಜನ ತುಂಬಿದ ಬಸ್ಸಿನಲ್ಲೇ ಕಣ್ಣು ಎಳೆದು, ಬಸ್ಸು ಸೇತುವೆಯ ಕಟ್ಟೆಗೆ ಉಜ್ಜಿಕೊಂಡು ನಿಂತಿತ್ತು. ಅಂದಿನಿಂದ ಸ್ಟೇರಿಂಗ್ ಮುಟ್ಟುವಂತಿಲ್ಲ. ರಾತ್ರಿ ಡಿಪೋದ ಕಾವಲು, ಹಗಲು ಮೂಗಿಗೆ ಗಾಳಿ ಒತ್ತುವ ಈ ಯಂತ್ರ ಕಟ್ಟಿಕೊಂಡು ನಿದ್ದೆ.

"ಎಷ್ಟು ಹೊತ್ತು ಓಡ್ತು ಅಂತ ಯಂತ್ರವೇ ಬರೆದಿಡುತ್ತೆ, ಅದು ಸುಳ್ಳು ಹೇಳಲ್ಲ ಕಣಯ್ಯಾ," ಎಂದಿದ್ದರು ಡಾಕ್ಟರು. "ದಿನಾ ಅರ್ಧ ನಿದ್ದೇಲೇ ಆಫ್ ಆಗಿದೆ. ಹೀಗಾದ್ರೆ ಬಸ್ ಓಡಿಸೋಕೆ ನಾನು ಒಪ್ಪಲ್ಲ."

ಮನೆಯಲ್ಲಿದ್ದವರು ಮೂವರೇ. ಕಣ್ಣು ಪೂರ್ತಿ ಹೋಗಿದ್ದ ಅಮ್ಮ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗಿಬಂದರೆ ಅದೇ ದೊಡ್ಡದು. ಉಳಿದವಳು ಹೆಂಡತಿ. ಅಪಘಾತದ ದಿನದಿಂದ ಅವಳದು ಒಂದೇ ರಾಗ: "ಆ ಸ್ಟೇರಿಂಗ್ ಸಹವಾಸ ಬಿಡಿ. ಕಾವಲೇ ವಾಸಿ."

ಅವನು ಅಡುಗೆಮನೆಗೆ ನುಗ್ಗಿದ. "ಯಂತ್ರ ಆಫ್ ಮಾಡಿ ಹೊಟ್ಟೆ ಮೇಲೆ ಹೊಡೀತಿದ್ದೀಯಲ್ಲೇ!"

ಅವಳು ಒಲೆಯಿಂದ ತಿರುಗಿದಳು. "ನಿಮ್ಮ ಉಸಿರಿಗೆ ಕೈ ಹಾಕೋಳಾ ನಾನು?"

ಅವನು ಬೆನ್ನು ತಿರುಗಿಸಿ ಹೊರಟ. ಅವಳ ಮುಖ ಕಪ್ಪಿಟ್ಟಿತು.

"ಮಗ ಎದ್ದನೇನೇ?" ಒಳಗಿನಿಂದ ಅಮ್ಮ ಕೇಳಿದಳು. "ಕೂಗಾಡಲಿ ಬಿಡು. ಕಿವಿಗೆ ಹಿತವಾಗಿದೆ."

ಮರುದಿನ ಅವನು ಮಾಸ್ಕು ಬಿಗಿದುಕೊಂಡು ಕಣ್ಣು ಮುಚ್ಚಿ ಮಲಗಿದ, ನಿದ್ದೆಗೆ ಜಾರಲಿಲ್ಲ. ಯಂತ್ರದ್ದು ಸಣ್ಣ ನಿಟ್ಟುಸಿರಿನಂಥ ಸದ್ದು, ಅಷ್ಟೆ. ಇಡೀ ಬೀದಿಗೆ ಕೇಳುತ್ತಿದ್ದ ಅವನ ಗೊರಕೆ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಹೆಂಡತಿ ಚೀಲ ಹಿಡಿದು ಹೊರಗೆ ಹೋದ ಸದ್ದಾಯಿತು. ನಾಟಕ. ತಿರುಗಿ ಬಂದೇ ಬರುತ್ತಾಳೆ.

ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲು ಕಿರ್ರೆಂದಿತು. ಬರಿಗಾಲ ಸಪ್ಪಳ. ಯಾರೋ ಮಂಚದ ಪಕ್ಕ ಬಗ್ಗಿ, ಉಸಿರು ಬಿಗಿಹಿಡಿದು, ಬಹಳ ಹೊತ್ತು ನಿಂತರು. ಆಮೇಲೆ ಸ್ವಿಚ್ಚು ಟಕ್ಕೆಂದಿತು.

ಅವನು ಚಂಗನೆ ಎದ್ದು ಆ ಕೈ ಹಿಡಿದ. ಬರೀ ಎಲುಬು. ಮಾಸ್ಕು ಕಿತ್ತು ನೋಡಿದ.

"ಅಮ್ಮಾ! ನೀನಾ? ಇದನ್ನ ಆಫ್ ಮಾಡಿದ್ರೆ ನನ್ನ ಉಸಿರೇ ನಿಲ್ಲುತ್ತೆ, ಗೊತ್ತಾ?"

ಅಮ್ಮನ ಇನ್ನೊಂದು ಕೈ ಅವನ ಮುಖ ಹುಡುಕಿ, ಮೂಗಿನ ಕೆಳಗೆ ಬಂದು ನಿಂತಿತು.

"ಗೊರಕೆ ಕೇಳಿಸದಿದ್ರೆ ನೀನು ಬದುಕಿದ್ದೀಯ ಅಂತ ಈ ಕುರುಡಿಗೆ ಹೇಗೆ ತಿಳೀಬೇಕು, ಮಗನೇ?"