ಹತ್ತಿರದ ಚಪ್ಪಾಳೆ

“ಇದರಲ್ಲಿ ನಮ್ಮ ಲತೀಶನ ಚಪ್ಪಾಳೆ ಯಾವುದು ಮಗಾ?”

ಊರಿನಿಂದ ಲತೀಶನ ತಾಯಿ ರತ್ನಾವತಿಯಮ್ಮ ಫೋನಿನಲ್ಲಿ ಹಾಗೆ ಕೇಳಿದಾಗ, ಕೊಲ್ಲಿ ದೇಶದ ಮಂಗಫ್‌ನ ಕೋಣೆಯಲ್ಲಿದ್ದ ಸುಕುಮಾರ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಶುಕ್ರವಾರದ ಸ್ಯಾಕ್ಸೋಫೋನ್ ಕಚೇರಿಯನ್ನು ಅವನೇ ರೆಕಾರ್ಡ್ ಮಾಡಿದ್ದ. ಅವರು ಬೇಡಿದ್ದರಿಂದ ಕಳಿಸಿಯೂ ಇದ್ದ. ಮಗ ಕಚೇರಿ ಕೇಳಿ ಡ್ಯೂಟಿಗೆ ಹೋದ, ಅಲ್ಲಿ ತೀರಿಕೊಂಡ ಎಂದೇ ಅವರು ತಿಳಿದಿದ್ದರು.

ಆದರೆ ಇದ್ದ ಒಂದೇ ಪಾಸನ್ನು ಸುಕುಮಾರ ಲತೀಶನಿಂದ ಕಾಡಿಬೇಡಿ ಪಡೆದಿದ್ದ. “ಆಯ್ತು ಮಾರಾಯ, ನಿನ್ನ ಡ್ಯೂಟಿ ನಾನು ಮಾಡ್ತೇನೆ. ಬಂದ ಮೇಲೆ ಅದೇ ರಾಗ ಎಳೆದು ನನ್ನ ತಲೆ ತಿನ್ಬೇಡ,” ಎಂದು ನಗುತ್ತಾ ಲತೀಶ ಕಂಪನಿ ಬಸ್ಸು ಹತ್ತಿದ್ದ. ಸಭೆಯಲ್ಲಿ ಚಪ್ಪಾಳೆ ಏಳುವ ಹೊತ್ತಿಗೆ ಅವನು ಪ್ಲಾಂಟಿನ ಟ್ಯಾಂಕಿನೊಳಗೆ ಉಸಿರುಗಟ್ಟಿ ಬಿದ್ದಿದ್ದ.

ನಿಜ ಹೇಳಿಬಿಡಬೇಕೆಂದು ಸುಕುಮಾರ ಬಾಯಿ ತೆರೆದ. ರೆಕಾರ್ಡಿಂಗಿನಲ್ಲಿ ಎಲ್ಲರದ್ದಕ್ಕಿಂತ ಜೋರಾಗಿ ಕೇಳುತ್ತಿದ್ದದ್ದು, ಫೋನನ್ನು ಮಡಿಲಲ್ಲಿಟ್ಟುಕೊಂಡು ಅವನೇ ತಟ್ಟಿದ ಚಪ್ಪಾಳೆ.

“ತುಂಬ ಹತ್ತಿರ ಕೇಳ್ತದಲ್ಲ ಅಮ್ಮ, ಅದು ಅವನದ್ದು.”

ಅತ್ತ ಕಡೆ ಅವರು ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು.

“ಎಷ್ಟು ಖುಷಿಯಲ್ಲಿದ್ದ ನೋಡು ಮಗಾ,” ಎಂದರು.