ಎಲ್ಲರೂ ಎತ್ತಿದ ಕೈ

ಓಣಿಯವರೆಲ್ಲ ಕೈ ಎತ್ತಿದರೆ ಒಬ್ಬರ ಧ್ವನಿ ಆ ಓಣಿಯ ಯಾವ ಕಿವಿಗೂ ಕೇಳದಂತಾಗುತ್ತಿತ್ತು. ಹುಟ್ಟಿದಾಗಲೇ ಕಿವಿಯೊಳಗೆ ಕೂರಿಸುವ ಸಾಸಿವೆಯಷ್ಟು ಯಂತ್ರ ಅದನ್ನು ನೋಡಿಕೊಳ್ಳುತ್ತಿತ್ತು. ಒಬ್ಬರು ಎತ್ತದಿದ್ದರೂ ಸಾಕು, ಧ್ವನಿ ಉಳಿಯುತ್ತಿತ್ತು. ಆದರೆ ಹಾಗೆ ಉಳಿದದ್ದನ್ನು ಯಾರೂ ಕಂಡಿರಲಿಲ್ಲ.

ಆ ಭಾನುವಾರದ ಸರದಿ ಶಿವಲೀಲಾಳ ತಂಗಿ ಮಹಾನಂದಾಳದು. ಓಣಿಯ ಟಾಕಿಯ ನೀರು ಕುಡಿದೇ ಮಕ್ಕಳು ಜ್ವರದಿಂದ ಮಲಗಿದ್ದಾರೆ ಎಂದು ಅವಳು ಮನೆಮನೆಗೂ ಹೇಳಿ ಬಂದಿದ್ದಳು.

"ಓಣಿ ಮರ್ಯಾದಿ ಕಳದಾಳ. ಎತ್ರಿ ಕೈ," ಎಂದರು ಹಿರಿಯ ಚನ್ನಪ್ಪ.

ಶಿವಲೀಲಾ ಕಣ್ಣಂಚಿನಲ್ಲೇ ಅತ್ತಿತ್ತ ನೋಡಿದಳು. ಎಲ್ಲರ ತೋಳೂ ಅಲುಗಿದಂತೆ ಕಂಡಿತು. ತಾನೊಬ್ಬಳೇ ಉಳಿದುಬಿಡುವೆನೆಂದು ಹೆದರಿ ಕೈ ಎತ್ತಿಬಿಟ್ಟಳು. ಮರುಕ್ಷಣ ಸುತ್ತಲೂ ಕೈಗಳೇ ಕೈಗಳು.

"ಅಕ್ಕಾ, ನೀನೂ..." ಮಹಾನಂದಾಳ ಮಾತು ಅಲ್ಲಿಗೇ ಕಡಿದುಹೋಯಿತು. ತುಟಿಗಳು ಮಾತ್ರ ಆಡುತ್ತಿದ್ದವು.

ಜನ ಚದುರುವಾಗ ಪಕ್ಕದ ಮನೆಯ ಕಸ್ತೂರೆವ್ವ ಅಳುತ್ತ ಶಿವಲೀಲಾಳ ಸೆರಗು ಹಿಡಿದಳು.

"ನಾ ಎತ್ತಬಾರ್ದಂತನ ಬಂದಿದ್ದೆ. ಒಡಹುಟ್ಟಿದಾಕಿ ನೀನ ಮೊದಲ ಎತ್ತಿದ ಮ್ಯಾಲ ನಾವೇನ್ ಮಾಡೂದವ್ವಾ?"

ಶಿವಲೀಲಾ ತಿರುಗಿ ನೋಡಿದಳು. ತಂಗಿ ನಿಂತಲ್ಲೇ ನಿಂತು ಬರಿ ತುಟಿಯಲ್ಲಿ ಏನನ್ನೋ ಮತ್ತೆ ಮತ್ತೆ ಕೇಳುತ್ತಿದ್ದಳು.

"ನಂಗ ಕೇಳ್ಸವಲ್ದು, ನಂದಾ," ಎಂದಳು ಶಿವಲೀಲಾ.