ಏಳನೆಯವಳ ಸಹಿ

ಹನ್ನೆರಡು ಒಪ್ಪಿಗೆ ಪತ್ರಗಳಲ್ಲಿ ಏಳನೆಯದಕ್ಕೆ ಸಹಿಯೇ ಬಿದ್ದಿಲ್ಲವೆಂಬ ಚಿಂತೆಯನ್ನು ವಾರಿಜಾ ತನ್ನ ಡೈರಿಗೆ ಮಾತ್ರ ಹೇಳಿಕೊಂಡಿದ್ದಳು. ಮಾತನ್ನು ನುಂಗಿಕೊಳ್ಳುವ ಹುಡುಗಿಯರ ಬಗ್ಗೆ ಅವಳು ಬರೆದ ಮೊಟ್ಟಮೊದಲ ಪ್ರಬಂಧವನ್ನು ಸಮಾಜಶಾಸ್ತ್ರದ ಪತ್ರಿಕೆಗೆ ಕಳಿಸಲು ಇವತ್ತೇ ಕೊನೆಯ ದಿನ. ಸಂದರ್ಶನ ಕೊಟ್ಟ ಹನ್ನೆರಡೂ ಹುಡುಗಿಯರ ಸಹಿ ಜೊತೆಗಿರಲೇಬೇಕು.

ಮಾರ್ಗದರ್ಶಕರು ಹುರಿಗಡಲೆ ಮೆಲ್ಲುತ್ತ, ಕರಡು ಓದುತ್ತ, ಕುರ್ಚಿ ಅಲುಗಾಡುವಂತೆ ನಗುತ್ತಿದ್ದರು.

"ಈ ಏಳನೆಯವಳು ಭಾರಿ ಗಟ್ಟಿಗಿತ್ತಿ ಕಣಮ್ಮ! ಕೇಳಿಲ್ಲಿ: 'ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮೇಷ್ಟ್ರು ನನ್ನ ಮಾತನ್ನೂ ತಾವೇ ಆಡಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಚೆನ್ನಾಗಿ ಮಾತಾಡಿದೆ ಅಂತ ನನ್ನನ್ನೇ ಹೊಗಳುತ್ತಾರೆ.' ಎಂಥಾ ಮಹಾನುಭಾವನಪ್ಪ ಅವನು!"

"ಸಾರ್, ಆ ಏಳನೆಯವಳು..."

"ಸಹಿ ಹಾಕಿಲ್ಲ, ಅದೇ ತಾನೆ? ಪತ್ರ ನೋಡಿದೆ. ಮೇಷ್ಟ್ರಿಗೆ ಗೊತ್ತಾದೀತು ಅಂತ ಹೆದರಿರ್ತಾಳೆ, ಪಾಪ."

"ಹೌದು ಸಾರ್, ಆದ್ರೆ ಅವಳು..."

"ಊರಲ್ಲಿಲ್ಲ. ಅರ್ಥವಾಯ್ತು ಬಿಡು. ಅವಳನ್ನ ತೆಗೆದುಹಾಕು."

"ತೆಗೆದ್ರೆ ಪ್ರಬಂಧದಲ್ಲಿ..."

"ಜೀವವೇ ಇರಲ್ಲ! ಸರಿಯಾಗಿ ಹೇಳಿದೆ ನೋಡು!"

ವಾರಿಜಾಳಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆಯಲು ನೋಡಿದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಲೇ ಮೇಜಿನ ಮೇಲಿದ್ದ ಅವರ ಪೆನ್ನು ಎತ್ತಿಕೊಂಡು, ಏಳನೆಯ ಪತ್ರಕ್ಕೆ ತನ್ನ ಸಹಿ ಹಾಕಿಬಿಟ್ಟಳು.

"ಏಯ್ ಏಯ್, ಬೇರೆಯವರ ಪತ್ರಕ್ಕೆ ನೀನು ಸಹಿ ಹಾಕಬಾರದಮ್ಮ!"

"ಬೇರೆಯವರದ್ದಲ್ಲ ಸಾರ್. ಆ ಮೇಷ್ಟ್ರು ನೀವೇ."